ಗುಡ್ಡ ತಗ್ಗಲಿ, ಗೋಡೆ ಬೀಳಲಿ

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಬಂತೆಂದರೆ ಗುರುಗಳ ಪೂಜಾವಸ್ತ್ರ ನೇರಳೆಗೆ ತಿರುಗುತ್ತದೆ, ಭಾನುವಾರದ ಮಹಿಮಾಗೀತೆ ನಿಲ್ಲುತ್ತದೆ, ವಾರಕ್ಕೊಂದರಂತೆ ಮೇಣದಬತ್ತಿಗಳು ಹೊತ್ತಿಕೊಳ್ಳುತ್ತವೆ. ಎರಡನೆಯ ಭಾನುವಾರ, ಒಂದು ವರ್ಷವೂ ತಪ್ಪದೆ, ಸ್ನಾನಿಕ ಯೊವಾನ್ನ ನಮ್ಮೆದುರು ಬಂದು ನಿಲ್ಲುತ್ತಾನೆ. ಲೂಕನ ಶುಭಸಂದೇಶ ಓದುವ ವರ್ಷದಲ್ಲಿ ಅವನ ಬೆನ್ನಿಗೆ ಯೆಶಾಯನ ಹಳೆಯ ದನಿ ಇರುತ್ತದೆ: ಬರುವವರಿಗೆ ದಾರಿಯಾಗಬೇಕಾದರೆ ತಗ್ಗಿನಲ್ಲಿದ್ದದ್ದು ಮೇಲೇಳಬೇಕು, ಎತ್ತರದಲ್ಲಿದ್ದದ್ದು ಇಳಿಯಬೇಕು. ಮತ್ತಾಯನ ವರ್ಷದಲ್ಲಿ ಅವನು ಇನ್ನೂ ಖಾರವಾಗಿ, ಅಬ್ರಹಾಮನ ವಂಶದವರೆಂದು ಬೀಗಬೇಡಿ, ದೇವರು ಬಿದ್ದಿರುವ ಕಲ್ಲುಗಳಿಂದಲೂ ಅಬ್ರಹಾಮನಿಗೆ ಮಕ್ಕಳನ್ನು ಕೊಡಬಲ್ಲರು ಎನ್ನುತ್ತಾನೆ. ಇದನ್ನೆಲ್ಲ ನೀವು ಕೇಳಿದ್ದೀರಿ. ಎದ್ದು ನಿಂತು, ಹಣೆಗೂ ತುಟಿಗೂ ಎದೆಗೂ ಶಿಲುಬೆಯ ಗುರುತು ಹಾಕಿಕೊಂಡು ಕೇಳಿದ್ದೀರಿ.

ಕೇಳಿದ ಮೇಲೆ ಮನೆಗೆ ಹೋಗುತ್ತೇವೆ. ಮಗಳಿಗೆ ವರ ನೋಡಲು ಕೂರುತ್ತೇವೆ. ವಧೂವರರ ಅಂಕಣದಲ್ಲಿ ವಯಸ್ಸು, ಎತ್ತರ, ಓದು, ದುಬೈಯಲ್ಲಿ ಕೆಲಸ, ಕಥೋಲಿಕ ಕುಟುಂಬ, ದೈವಭಕ್ತ, ಇಷ್ಟಾದ ಮೇಲೆ, ದೈವಭಕ್ತಿಯ ಪಕ್ಕದಲ್ಲೇ, ಜಾತಿ. ಮಂಗಳೂರಿನ ಕಡೆಯಾದರೆ ಬಾಮಣ್, ಚಾರೊಡಿ, ಸುದಿರ್ ಎಂಬ ಹೆಸರುಗಳು. ಬೇರೆ ಕಡೆ ಬೇರೆ ಹೆಸರುಗಳು. ಜ್ಞಾನಸ್ನಾನದ ನೀರು ಇವನ್ನು ತೊಳೆಯಲಿಲ್ಲ. ತೊಳೆಯುವುದು ನೀರಿನಿಂದಾಗಲಿಲ್ಲ ಎಂದಲ್ಲ, ನಾವು ಬಿಡಲಿಲ್ಲ. ಇದು ನಿಮಗೆ ಗೊತ್ತಿಲ್ಲದ್ದಲ್ಲ.

ತಿರುಚ್ಚಿಯ ಮೇಲಪುದೂರಿನ ಕಥೋಲಿಕ ಸ್ಮಶಾನದಲ್ಲಿ ಸತ್ತವರ ನಡುವೆ ಗೋಡೆ ಎದ್ದಿತ್ತು: ಒಂದು ಬದಿಗೆ ಮೇಲ್ಜಾತಿಯ ಕ್ರೈಸ್ತರು, ಇನ್ನೊಂದು ಬದಿಗೆ ದಲಿತ ಕ್ರೈಸ್ತರು. ಬದುಕಿಡೀ ಅದೇ ಜಪಮಾಲೆ ಹಿಡಿದು, ಅದೇ ಪರಮಪ್ರಸಾದ ಸ್ವೀಕರಿಸಿ, ಅದೇ ಪುನರುತ್ಥಾನವನ್ನು ನಂಬಿ ಕಣ್ಣು ಮುಚ್ಚಿದವನ ಹೆಣವನ್ನು ಹೊತ್ತುಕೊಂಡು ಬಂದ ಮಕ್ಕಳು ಆ ಗೋಡೆಯ ಬಳಿ ಯಾವ ಕಡೆಗೆ ತಿರುಗಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಮಕ್ಕಳ ಎದೆಯಲ್ಲಿ ಏನಾಗಿರಬಹುದು? ಮೊಮ್ಮಗು ಬಾಯಿಬಿಟ್ಟು ಕೇಳಿದ್ದರೆ ಅವರು ಏನು ಹೇಳಿರಬಹುದು? ಅದು ತಮಿಳುನಾಡಿನ ಮಾತು, ನಮ್ಮಲ್ಲಿ ಹಾಗಿಲ್ಲ ಎನ್ನುವ ಮೊದಲು ಒಂದು ಕ್ಷಣ ತಡೆಯಿರಿ. ಎಲ್ಲ ಗೋಡೆಗಳನ್ನೂ ಇಟ್ಟಿಗೆಯಿಂದಲೇ ಕಟ್ಟುವುದಿಲ್ಲ. ಇದೂ ನಿಮಗೆ ಗೊತ್ತಿಲ್ಲದ್ದಲ್ಲ.

2016ರ ಆಗಮನ ಕಾಲದಲ್ಲೇ, ಡಿಸೆಂಬರ್‌ನಲ್ಲಿ, ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯನ್ನು ಹೊರತಂದಿತು. ದೇಶದ ಸುಮಾರು 1.9 ಕೋಟಿ ಕಥೋಲಿಕರಲ್ಲಿ 1.2 ಕೋಟಿ ಮಂದಿ ದಲಿತರು ಎಂದು ಅದು ಹೇಳಿತು. ಧರ್ಮಸಭೆಯೊಳಗೇ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ಮೂವರು ಕಥೋಲಿಕರಲ್ಲಿ ಹತ್ತಿರಹತ್ತಿರ ಇಬ್ಬರು ದಲಿತರು. ಆದರೂ ಈ ದೇಶದ ಮೊದಲ ದಲಿತ ಕಾರ್ಡಿನಲ್, ಹೈದರಾಬಾದಿನ ಆಂತೋನಿ ಪೂಲ ಅವರನ್ನು ನೋಡಲು ನಾವು 2022ರವರೆಗೆ ಕಾಯಬೇಕಾಯಿತು. ಬಹುಸಂಖ್ಯಾತರಾಗಿದ್ದೂ ಹಿಂದಿನ ಸಾಲಿನಲ್ಲಿ ನಿಲ್ಲುವುದು, ಹಬ್ಬಕ್ಕೆ ಅಂಗಳ ಗುಡಿಸಿಯೂ ಹಬ್ಬದ ಸಮಿತಿಯಲ್ಲಿ ಹೆಸರಿಲ್ಲದಿರುವುದು, ಓದಿ ಬಂದ ಮಗ ಚರ್ಚಿನ ಶಾಲೆಯಲ್ಲೇ ಕೆಲಸ ಸಿಗದೆ ಹಿಂದಿರುಗುವುದು, ಇವೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತವೆ; ನಾವು ಗೋದಲಿಗೆ ಹುಲ್ಲು ಹೊಂದಿಸುವುದರಲ್ಲಿ ಮಗ್ನರಾಗಿರುತ್ತೇವೆ.

ಡಿಸೆಂಬರ್ 17ರ ಪೂಜೆಯಲ್ಲಿ ಮತ್ತಾಯನ ವಂಶಾವಳಿ ಓದುತ್ತಾರೆ. ಹೆಸರುಗಳ ಉದ್ದ ಪಟ್ಟಿ. ಅರ್ಧದಲ್ಲೇ ಗಮನ ಬೇರೆಲ್ಲೋ ಹೋಗಿರುತ್ತದೆ. ಒಮ್ಮೆ ಗಮನವಿಟ್ಟು ಕೇಳಿ. ಆ ಪಟ್ಟಿಯಲ್ಲಿ ಮಾವನಿಂದ ಮಕ್ಕಳನ್ನು ಪಡೆದ ತಾಮಾರಳಿದ್ದಾಳೆ, ಜೆರಿಕೊದ ವೇಶ್ಯೆ ರಾಹಾಬಳಿದ್ದಾಳೆ, ಇಸ್ರಯೇಲರು ಹೊರಗಿಟ್ಟಿದ್ದ ಮೋವಾಬ್ ನಾಡಿನ ರೂತಳಿದ್ದಾಳೆ, ಊರೀಯನ ಹೆಂಡತಿಯಿದ್ದಾಳೆ. ಬಡ ಬಡಗಿಯ ಮನೆಯಲ್ಲಿ ಬೆಳೆಯಲು ಬಂದ ಯೇಸು ತಮ್ಮ ಮನೆತನದ ಈ ಹೆಂಗಸರಲ್ಲಿ ಒಬ್ಬರನ್ನೂ ಮುಚ್ಚಿಡಲಿಲ್ಲ. ಕುಲ ಕೇಳಿ ಹೆಣ್ಣು ತರುವ ನಾವು ಕೇಳಿದ್ದರೆ, ಈ ಸಂಬಂಧ ನಮಗಾಗುವುದಿಲ್ಲ ಎನ್ನುತ್ತಿದ್ದೆವು.

ಹೊರಗಿಡುವುದು ನಾವಷ್ಟೇ ಅಲ್ಲ, ಸರಕಾರವೂ ಹೌದು: 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರೂ ಕ್ರೈಸ್ತರಿಗೆ ಬಾಗಿಲು ತೆರೆಯಲಿಲ್ಲ. ಪ್ರತಿ ಆಗಸ್ಟ್ 10ರಂದು ಕಪ್ಪು ಪಟ್ಟಿ ಕಟ್ಟಿಕೊಂಡು ನ್ಯಾಯ ಕೇಳುತ್ತೇವೆ, ಕೇಳಲೇಬೇಕು. ಆದರೆ ದೆಹಲಿಯ ಬಾಗಿಲು ತಟ್ಟುವ ಕೈ ನಮ್ಮದೇ ಹೊಸ್ತಿಲಲ್ಲಿ ಯಾರನ್ನು ತಡೆದು ನಿಲ್ಲಿಸಿದೆ?

ನೀವು ಕೆಟ್ಟವರಲ್ಲ. ನೆರೆಮನೆಯವರು ಆಸ್ಪತ್ರೆ ಸೇರಿದರೆ ಓಡುತ್ತೀರಿ, ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಮಾಡಿ ಜಾತಿಮತ ನೋಡದೆ ಬೀದಿಗೆಲ್ಲ ಹಂಚುತ್ತೀರಿ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಲೂಕನ ವರ್ಷದ ಮೂರನೆಯ ಭಾನುವಾರ ಜನ ಯೊವಾನ್ನನ ಹತ್ತಿರ ಬಂದು, ಹಾಗಾದರೆ ನಾವು ಮಾಡಬೇಕಾದ್ದೇನು ಎಂದು ವಿಚಾರಿಸುತ್ತಾರೆ. ಅವನು ಉಪದೇಶ ಕೊಡುವುದಿಲ್ಲ, ಕೆಲಸ ಕೊಡುತ್ತಾನೆ: ಎರಡು ಅಂಗಿಯಿದ್ದವನು ಒಂದನ್ನು ಕೊಡಲಿ, ಸುಂಕದವನು ಹೆಚ್ಚು ವಸೂಲಿ ಮಾಡದಿರಲಿ, ಸೈನಿಕ ಯಾರನ್ನೂ ಸುಲಿಯದಿರಲಿ.

ನಮ್ಮ ಕೆಲಸವೂ ಅಷ್ಟೇ ಸ್ಪಷ್ಟ. ನಿಮ್ಮ ಮನೆಯ ಮದುವೆ ಜಾಹೀರಾತಿನಿಂದ ಜಾತಿಯ ಸಾಲನ್ನು ಹೊಡೆದುಹಾಕಿ. ನಿಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ದಲಿತರು ಎಷ್ಟು ಮಂದಿ ಇದ್ದಾರೆಂದು ಎದ್ದು ನಿಂತು ಕೇಳಿ. ಚರ್ಚಿನ ಶಾಲೆಯ ನೇಮಕಾತಿಯಲ್ಲಿ ಅವರ ಮಕ್ಕಳ ಪರವಾಗಿ ಬಾಯಿ ತೆರೆಯಿರಿ. ಇದ್ಯಾವುದಕ್ಕೂ ರೋಮಿನ ಅಪ್ಪಣೆ ಬೇಡ, ದೆಹಲಿಯ ಕಾನೂನು ಬೇಡ. ಗುಡ್ಡ ಎಲ್ಲಿದೆಯೆಂದು ನಿಮಗೆ ಗೊತ್ತು. ಕ್ರಿಸ್ಮಸ್ಸಿಗೆ ಮುಂಚೆ, ನಿಮ್ಮ ಪಾಲಿನದನ್ನು ನೀವು ಅಗೆಯಿರಿ.