ಗಂಟೆಯ ಲೆಕ್ಕ ಸಾಲದು

ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ನಿರಂತರ ಕಲಿಕೆಯಲ್ಲಿ ಪಾಲ್ಗೊಳ್ಳಬೇಕು. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲೇ ಹಾಗೆಂದು ನಿಯಮ ಮಾಡಿತು. ಸಭೆಗೆ ಹೋಗಿ ಹಾಜರಿ ಹಾಕಿದರೆ ಗಂಟೆ ಜಮೆಯಾಗುತ್ತದೆ. ಕೇಳಿದ್ದರಲ್ಲಿ ತಲೆಗೆ ಹೋದದ್ದೆಷ್ಟು ಎಂಬುದು ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ವೈದ್ಯರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬೇಕು. ಅಮೆರಿಕದ ಎದೆರೋಗ ವೈದ್ಯರ ಸಂಘ ‘ಸೀಕ್’ ಎಂಬ ಪ್ರಶ್ನೆಮಾಲೆಯನ್ನು ಇದಕ್ಕೆಂದೇ ಹೊರತರುತ್ತದೆ. ಒಬ್ಬ ರೋಗಿಯ ವಿವರ, ನಾಲ್ಕಾರು ಉತ್ತರ, ತಪ್ಪು ಏಕೆ ತಪ್ಪು ಎಂಬ ವಿವರಣೆ.

ಗ್ರಾನೈಟ್ ಕ್ವಾರಿಗಳಿರುವ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಇಂಥ ಸ್ವಪರೀಕ್ಷೆ ತುರ್ತಾಗಿ ಬೇಕು. ಕಲ್ಲು ಕೊರೆಯುವ ಕೂಲಿಯಾಳು ಕೆಮ್ಮು, ದಮ್ಮು ಎಂದು ಬರುತ್ತಾನೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆಗಳಿವೆ. ಕಫದಲ್ಲಿ ರೋಗಾಣು ಕಂಡಿಲ್ಲ. ‘ಏನು ಕೆಲಸ ಮಾಡ್ತೀರಿ, ಎಷ್ಟು ವರ್ಷದಿಂದ?’ ಎಂದು ಕೇಳದಿದ್ದರೆ ಟಿಬಿ ಮಾತ್ರೆ ಶುರುವಾಗುತ್ತದೆ, ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಗಮನಕ್ಕೇ ಬರುವುದಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಸಂಭವವೂ ಹೆಚ್ಚು; ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ. ನೌಕರರ ಪರಿಹಾರದ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ. ವೈದ್ಯರ ಚೀಟಿಯಲ್ಲಿ ಆ ಹೆಸರಿಲ್ಲದಿದ್ದರೆ ಕೂಲಿಯಾಳು ಪರಿಹಾರ ಕೇಳುವುದು ಯಾವ ಆಧಾರದ ಮೇಲೆ?

ಐಸಿಯು ವಿಷಯವೂ ಅಷ್ಟೇ. ಎಆರ್‌ಡಿಎಸ್ (ತೀವ್ರ ಉಸಿರಾಟ ಸಂಕಟ) ರೋಗಿಗೆ ವೆಂಟಿಲೇಟರ್ ಪ್ರತಿ ಉಸಿರಿಗೆ ಕೊಡುವ ಗಾಳಿಯನ್ನು ಕಿಲೋಗೆ 12 ಮಿ.ಲೀ. ಬದಲು 6ಕ್ಕೆ ತಗ್ಗಿಸಿದರೆ ಸಾವು ಶೇ 39.8ರಿಂದ 31ಕ್ಕೆ ಇಳಿಯುತ್ತದೆಂದು ಅಮೆರಿಕದ ಅಧ್ಯಯನವೊಂದು 2000ದಲ್ಲೇ ತೋರಿಸಿತು. ಆದರೆ ಈ ಕಿಲೋ ಮೈತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. 160 ಸೆಂ.ಮೀ. ಎತ್ತರದ, 80 ಕಿಲೋ ತೂಗುವ ಹೆಂಗಸಿಗೆ ಸಲ್ಲಬೇಕಾದ್ದು ಸುಮಾರು 315 ಮಿ.ಲೀ. ಮೈತೂಕ ಹಿಡಿದು ಗುಣಿಸಿದರೆ 480. ಆ ಹೆಚ್ಚುವರಿ ಗಾಳಿ ಶ್ವಾಸಕೋಶವನ್ನೇ ಗಾಸಿಗೊಳಿಸುತ್ತದೆ. ಅಳತೆ ಟೇಪು ಹಿಡಿಯದೆ ಗುಂಡಿ ತಿರುಗಿಸುವ ಅಭ್ಯಾಸ ಭಾಷಣ ಕೇಳಿದ ಮಾತ್ರಕ್ಕೆ ಹೋಗದು. ಲೆಕ್ಕವನ್ನು ಕೈಯಾರೆ ಮಾಡಿ, ಒಮ್ಮೆ ತಪ್ಪಿ, ತಿದ್ದಿಕೊಂಡವರು ಮರೆಯುವುದಿಲ್ಲ.

ಅಮೆರಿಕದ ಪ್ರಶ್ನೆಮಾಲೆಯಷ್ಟೇ ಸಾಲದು; ನಮ್ಮ ಕ್ವಾರಿಯ ಪ್ರಶ್ನೆಗಳನ್ನು ನಾವೇ ಬರೆದುಕೊಳ್ಳಬೇಕು. ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಅಲ್ಲಿನ ಅಧ್ಯಾಪಕರು ತಿಂಗಳಿಗೆ ಹತ್ತು ಪ್ರಶ್ನೆ ಬರೆದು, ವಿವರಣೆ ಸಮೇತ ಹೊಸೂರು, ಡೆಂಕಣಿಕೋಟೆಯ ವೈದ್ಯರಿಗೆ ಕಳಿಸಲಿ. ಬಂದ ಅಂಕ ಉತ್ತರಿಸಿದವರ ಬಳಿಯೇ ಇರಲಿ, ಯಾರಿಗೂ ತೋರಿಸಬೇಕಿಲ್ಲ. ಉತ್ತರಿಸಲು ಹಿಡಿದ ಹೊತ್ತನ್ನು ತಮಿಳುನಾಡು ವೈದ್ಯಕೀಯ ಮಂಡಳಿ ಆ 30 ಗಂಟೆಗೆ ಸೇರಿಸಿಕೊಳ್ಳಲಿ.