ಎಐ ಅಪಾಯ ತಡೆದುಕೊಳ್ಳುವ ಬಗೆ: ಸಂಶೋಧನೆಗೆ ಸರ್ಕಾರ ಹಣ ಕೊಡಬೇಕೇ?

ಕೃತಕ ಬುದ್ಧಿಮತ್ತೆಯನ್ನು ಸುರಕ್ಷಿತಗೊಳಿಸುವುದು ಒಂದು ಕೆಲಸ; ಅದು ಕೈಮೀರಿದಾಗಲೂ ಸಮಾಜ ಕುಸಿಯದಂತೆ ನೋಡಿಕೊಳ್ಳುವುದು ಇನ್ನೊಂದು. ಈ ಎರಡನೆಯದರ ಅಧ್ಯಯನಕ್ಕೆ ಸರ್ಕಾರ ಪ್ರತ್ಯೇಕ ಅನುದಾನ ಇಡಬೇಕೇ? ಸಾರ್ವಜನಿಕ ನೀತಿಯ ಅಧ್ಯಾಪಕಿಯೊಬ್ಬರು ಮತ್ತು ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರೊಬ್ಬರು ಇಲ್ಲಿ ವಾದ ಮಂಡಿಸಿದ್ದಾರೆ.

ಪರ: ನೂರು ರೂಪಾಯಿಗೆ 20 ಪೈಸೆ ಸಾಲದು

ಮೊದಲು ಲೆಕ್ಕ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಇಂಡಿಯಾ ಎಐ ಮಿಷನ್‌ನ ಐದು ವರ್ಷದ ಗಾತ್ರ ₹10,371.92 ಕೋಟಿ. ಅದರಲ್ಲಿ ಜಿಪಿಯು ಮೊದಲಾದ ಗಣಕ ಸೌಕರ್ಯಕ್ಕೆ ₹4,563.36 ಕೋಟಿ. 'ಸುರಕ್ಷಿತ ಮತ್ತು ವಿಶ್ವಾಸಾರ್ಹ ಎಐ' ಎಂಬ ಬಾಬಿಗೆ ₹20.46 ಕೋಟಿ. ನೂರು ರೂಪಾಯಿಗೆ ಸುಮಾರು 20 ಪೈಸೆ. ಆ ಬಾಬಿನಲ್ಲೂ ಪಕ್ಷಪಾತ ತಗ್ಗಿಸುವ, ಡೀಪ್‌ಫೇಕ್ ಪತ್ತೆಹಚ್ಚುವ ಉಪಕರಣಗಳ ಮಾತೇ ಹೆಚ್ಚು. ಮೋಸಹೋದ ಕುಟುಂಬ, ದಾರಿತಪ್ಪಿದ ಚುನಾವಣೆ, ಸ್ಥಗಿತಗೊಂಡ ಆಸ್ಪತ್ರೆ ಮತ್ತೆ ಎದ್ದು ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಅಂಚಿನಲ್ಲೇ ಇದೆ.

ಎರಡನೆಯದು, ಅಧ್ಯಯನ ಮಾಡದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಓಡಿಸಬೇಕಾಯಿತು. ಕೇಂದ್ರ ಸರ್ಕಾರ ದಿನಕ್ಕೆ 5 ಎಸ್‌ಎಂಎಸ್‌ಗಳ ಮಿತಿ ಹೇರಿತು. 2018ರ ಜುಲೈನಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ 5ರ ಮಿತಿ ಪ್ರಕಟಿಸಿತು. ಎರಡೂ ಸಲ ಐದು, ಎರಡೂ ಸಲ ಅನಾಹುತ ಆದಮೇಲೆ. 2012ರಲ್ಲಿ ರೈಲು ಹತ್ತದೆ ಉಳಿದವರೂ ಇದ್ದರು. ಅವರು ಯಾರ ಮಾತು ನಂಬಿ ಉಳಿದರು, ಠಾಣೆಯದೋ, ಮನೆ ಮಾಲೀಕರದೋ, ಸಹೋದ್ಯೋಗಿಗಳದೋ? ಅದನ್ನು ಆಗಲೇ ಕೇಳಿ ಬರೆದಿಟ್ಟಿದ್ದರೆ ಆರು ವರ್ಷದ ನಂತರ ಕೈಗೊಂದು ಆಧಾರ ಇರುತ್ತಿತ್ತು. ಈಗ ವದಂತಿಗೆ ಪರಿಚಿತರ ಮುಖ, ಧ್ವನಿ ಎರಡನ್ನೂ ಎಐ ಕೊಟ್ಟಿದೆ.

ಮೂರನೆಯದು, ಸಾರ್ವಜನಿಕ ಹಣದ ಸಂಶೋಧನೆ ಫಲ ಕೊಟ್ಟ ಉದಾಹರಣೆ ಬೆಂಗಳೂರಿನಲ್ಲೇ ಇದೆ. ವಂಚನೆಯ ಹಣ ಸಾಗಿಸುವ ಮ್ಯೂಲ್ ಖಾತೆಗಳನ್ನು ಗುರುತಿಸುವ 'ಮ್ಯೂಲ್‌ಹಂಟರ್' ಇಲ್ಲಿನ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್‌ನದು. ನಾಲ್ಕನೆಯದು, ಬ್ರಿಟನ್ 2024ರ ಮೇನಲ್ಲಿ ಸೋಲ್‌ನ ಎಐ ಶೃಂಗಸಭೆಯ ಹೊತ್ತಿಗೆ ಸರಿಯಾಗಿ ಇದೇ ವಿಷಯದ ಸಂಶೋಧನೆಗೆ 85 ಲಕ್ಷ ಪೌಂಡ್ ಪ್ರಕಟಿಸಿತು.

ಆಕ್ಷೇಪಗಳು ಇಲ್ಲದಿಲ್ಲ. ಅನುದಾನದ ಅರ್ಜಿ ಮಂಜೂರಾಗುವಷ್ಟರಲ್ಲಿ ವಂಚಕ ತನ್ನ ವರಸೆ ಬದಲಿಸಿರುತ್ತಾನೆ. ಎಷ್ಟೋ ವರದಿಗಳು ಕಪಾಟು ಸೇರುತ್ತವೆ. ಸರ್ಕಾರದ ಬಳಿ ಒಂದೇ ಕೆಲಸಕ್ಕೆ ಆಗುವಷ್ಟು ಹಣವಿದ್ದರೆ, ಸೈಬರ್ ಠಾಣೆಗೆ ಸಿಬ್ಬಂದಿ ಕೊಡಿ ಎಂದು ಬಹುಶಃ ನಾನೂ ಹೇಳುತ್ತಿದ್ದೆ. ಆದರೆ ಹತ್ತು ಸಾವಿರ ಕೋಟಿಯ ಯೋಜನೆಯ ಮುಂದೆ ಆ ಪ್ರಶ್ನೆ ಏಳುವುದಿಲ್ಲ. ಅದರ ಶೇ 1ರಷ್ಟನ್ನು, ಅಂದರೆ ಸುಮಾರು ₹104 ಕೋಟಿಯನ್ನು, ಈ ಅಧ್ಯಯನಕ್ಕೆ ಮೀಸಲಿಟ್ಟರೆ ಸಾಕು.

ವಿರೋಧ: ಕೌಂಟರಿನಲ್ಲಿ ಜನ ಕೊಡಿ, ಪ್ರಬಂಧ ಆಮೇಲೆ

ಸಂಶೋಧನೆ ಮಾಡಿ ಕಂಡುಹಿಡಿಯುವುದೇನನ್ನು? ಹೆದರಿದ ಮನುಷ್ಯ ಹಣ ಕಳಿಸಿಬಿಡುತ್ತಾನೆ ಎಂಬುದನ್ನೇ? ಕೌಂಟರಿನ ಈಚೆ ಕೂತ ಯಾರನ್ನು ಬೇಕಾದರೂ ಕೇಳಿ, ಬಿಟ್ಟಿಯಾಗಿ ಹೇಳುತ್ತಾರೆ.

ನಿವೃತ್ತ ಮೇಷ್ಟ್ರೊಬ್ಬರು ಅವಧಿಗೆ ಮುಂಚೆ ಎಫ್‌ಡಿ ಮುರಿಸಲು ಬರುತ್ತಾರೆ ಎಂದಿಟ್ಟುಕೊಳ್ಳಿ. ಜೇಬಿನಲ್ಲಿರುವ ಫೋನು ಕಟ್ ಆಗಿಲ್ಲ. "ಏನ್ ಮೇಷ್ಟ್ರೇ, ಇದ್ದಕ್ಕಿದ್ದ ಹಾಗೆ?" ಎಂದರೆ "ಮಗಳ ಸೈಟಿಗೆ" ಅನ್ನುತ್ತಾರೆ, ಮುಖ ಬೆವೆತಿರುತ್ತದೆ. ಆಗ ಕೌಂಟರಿನ ಹುಡುಗಿ ಎದ್ದು ಬಂದು "ಒಳಗೆ ಕೂತ್ಕೊಳ್ಳಿ ಸಾರ್, ಮಗಳಿಗೊಂದು ಫೋನ್ ಮಾಡೋಣ" ಅಂದರೆ ಜೀವಮಾನದ ಉಳಿತಾಯ ಉಳಿಯುತ್ತದೆ. ಅನ್ನದಿದ್ದರೆ ಹೋಗುತ್ತದೆ. ಫೋನಿನ ಆ ತುದಿಯಲ್ಲಿ ಬೆದರಿಸುತ್ತಿರುವುದು ಮನುಷ್ಯನೋ ಎಐ ಧ್ವನಿಯೋ, ಮೇಷ್ಟ್ರ ಪಾಲಿಗೆ ಎರಡೂ ಒಂದೇ. ಆ ಒಂದು ಮಾತಿಗೆ ಬೇಕಾದದ್ದು ಎರಡು ನಿಮಿಷ. ಕ್ಯೂನಲ್ಲಿ ಮೂವತ್ತು ಜನ ನಿಂತು ಗೊಣಗುತ್ತಿರುವಾಗ, ಪಕ್ಕದ ಕುರ್ಚಿ ಖಾಲಿ ಬಿದ್ದಿರುವಾಗ, ವಿಮೆ ಮಾರುವ ಟಾರ್ಗೆಟ್ ತಲೆಯ ಮೇಲೆ ಕೂತಿರುವಾಗ ಆ ಎರಡು ನಿಮಿಷ ಎಲ್ಲಿಂದ ಬರಬೇಕು? ಸಮಾಜ ತಡೆದುಕೊಳ್ಳುವುದು ಆ ಎರಡು ನಿಮಿಷದ ಬಲದಿಂದ.

ಎಐ ಪಂಡಿತರು ಹಾಂಗ್‌ಕಾಂಗ್ ಪ್ರಕರಣವನ್ನು ಎತ್ತದೆ ಭಾಷಣ ಮುಗಿಸುವುದಿಲ್ಲ. 2024ರ ಆರಂಭದಲ್ಲಿ ಬೆಳಕಿಗೆ ಬಂದದ್ದು: ಅರಪ್ ಕಂಪನಿಯ ನೌಕರರೊಬ್ಬರು ವಿಡಿಯೊ ಕರೆಯಲ್ಲಿ ಕಂಡ ನಕಲಿ ಮುಖಗಳನ್ನು ನಂಬಿ, 15 ಸಲಕ್ಕೆ ಒಟ್ಟು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು. ಸರಿ. ಬಾಯಿಮಾತಿನಲ್ಲಿ ಆದೇಶ ಬಂದರೆ ಕಡತದಲ್ಲಿರುವ ನಂಬರಿಗೆ ನಾವೇ ತಿರುಗಿ ಫೋನ್ ಮಾಡಿ ಖಚಿತ ಮಾಡಿಕೊಳ್ಳುವುದು ಬ್ಯಾಂಕುಗಳ ಹಳೇ ಪದ್ಧತಿ. ಡೀಪ್‌ಫೇಕ್ ಎಂಬ ಹೆಸರು ಹುಟ್ಟುವ ಎಷ್ಟೋ ಮುಂಚಿನದು. ಅಷ್ಟು ಮಾಡಿದ್ದರೆ ಆ ಹಣ ಅಲ್ಲೇ ಇರುತ್ತಿತ್ತು.

ಇನ್ನು ಬ್ರಿಟನ್. ಅಲ್ಲಿನ ಸಂಶೋಧನಾ ಅನುದಾನವನ್ನು ಕೊಂಡಾಡುವವರು ಅದೇ ದೇಶ ಮಾಡಿದ ನಿಜವಾದ ಕೆಲಸದ ಬಗ್ಗೆ ತುಟಿ ಬಿಚ್ಚುವುದಿಲ್ಲ. 2024ರ ಅಕ್ಟೋಬರ್ 7ರಿಂದ ಅಲ್ಲಿ, ಮೋಸಹೋಗಿ ತಾನೇ ಹಣ ಕಳಿಸಿದ ಗ್ರಾಹಕನಿಗೂ 85,000 ಪೌಂಡ್‌ವರೆಗೆ ಹಿಂದಿರುಗಿಸಬೇಕು. ಕಳಿಸಿದ ಬ್ಯಾಂಕು ಅರ್ಧ ಕೊಡಬೇಕು, ಆ ಹಣ ಹೋಗಿ ಬಿದ್ದ ಬ್ಯಾಂಕು ಇನ್ನರ್ಧ. ಆ ಇನ್ನರ್ಧದಲ್ಲೇ ಇರುವುದು ಮರ್ಮ. ವಂಚಕನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿನ ಗಂಟಿಗೇ ಕೈ ಹಾಕಿ ನೋಡಿ, ಮ್ಯೂಲ್ ಖಾತೆಯನ್ನು ಅದು ರಾತ್ರಿಯೆಲ್ಲ ಎದ್ದು ಹುಡುಕುತ್ತದೆ. ನಮ್ಮ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ, ಗ್ರಾಹಕನ ಒಪ್ಪಿಗೆಯಿಲ್ಲದೆ ಖಾತೆಯಿಂದ ಹೋದ ಹಣದ ಬಗ್ಗೆ ಮಾತಾಡಿತು. ಹೆದರಿಸಿ ಅವನ ಕೈಯಿಂದಲೇ ಕಳಿಸಿಕೊಂಡ ಹಣಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ನಕಲಿ ಪೊಲೀಸರ 'ಡಿಜಿಟಲ್ ಅರೆಸ್ಟ್'ನಲ್ಲಿ ಹೋಗುವುದು ಅದೇ ಹಣ.

ಚುನಾವಣೆ, ವಿದ್ಯುತ್ ಜಾಲ, ಉದ್ಯೋಗ ಎಂದು ಪಟ್ಟಿ ಉದ್ದ ಮಾಡುವವರಿದ್ದಾರೆ. ಅವಕ್ಕೂ ಆಯೋಗವಿದೆ, ನಿಗಮವಿದೆ, ಇಲಾಖೆಯಿದೆ. ಸಂಬಳ ಪಡೆಯುವ ಕೆಲಸವನ್ನು ಅವರು ಮಾಡಲಿ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಅಪಾಯ ತಯಾರಿಸುವವರು ಒಂದು ಕಡೆ, ತಡೆದುಕೊಳ್ಳುವುದನ್ನು ಕಲಿಯಬೇಕಾದವರು ಇನ್ನೊಂದು ಕಡೆ, ಆ ಕಲಿಕೆಯ ಖರ್ಚು ತೆರಿಗೆದಾರನ ತಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಓಪನ್‌ಎಐ ಪ್ರತಿಷ್ಠಾನವೇ 2025ರ ಅಕ್ಟೋಬರ್‌ನಲ್ಲಿ, ಆರೋಗ್ಯ ಸಂಶೋಧನೆ ಮತ್ತು ಎಐ ಅಪಾಯ ತಡೆದುಕೊಳ್ಳುವ ತಾಂತ್ರಿಕ ಪರಿಹಾರ ಎರಡಕ್ಕೂ ಸೇರಿ 2,500 ಕೋಟಿ ಡಾಲರ್ ತೊಡಗಿಸುವುದಾಗಿ ಸಾರಿದೆ. ಅವರ ಹತ್ತಿರ ಅಷ್ಟಿದೆ ಎಂದ ಮೇಲೆ ನಮ್ಮ ₹104 ಕೋಟಿಯೋ ₹200 ಕೋಟಿಯೋ ಯಾವ ಮೂಲೆಗೆ? ಭಾರತದಲ್ಲಿ ವ್ಯಾಪಾರ ಮಾಡುವ ಎಐ ಕಂಪನಿಗಳ ಮೇಲೆ ಸೆಸ್ ಹಾಕಿ, ಅದರಲ್ಲಿ ಸೈಬರ್ ಠಾಣೆಗಳ ಖಾಲಿ ಹುದ್ದೆ ತುಂಬಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದವರಿಗೆ ಕನ್ನಡದಲ್ಲಿ ತಕ್ಷಣ ಉತ್ತರ ಸಿಗುವ ಹಾಗೆ ಮಾಡಿ.

ಒಂದು ಮಾತು ಒಪ್ಪುತ್ತೇನೆ. ಯಾವ ಶಾಖೆಯಲ್ಲಿ ಎಷ್ಟು ಮಂದಿಯನ್ನು ತಡೆದು ಉಳಿಸಿದರು, ಏನು ಕೇಳಿದ್ದಕ್ಕೆ ಅವರಿಗೆ ಎಚ್ಚರವಾಯಿತು, ಎಚ್ಚರಿಸಿದರೂ ಕೇಳದೆ ಹೋದವರು ಯಾಕೆ ಹೋದರು ಎಂಬ ವಿವರ ಒಂದೆಡೆ ಸೇರಬೇಕು. ಊರೂರು ಸುತ್ತಿ, ನಗದು ಗುಮಾಸ್ತರನ್ನೂ ಮೋಸಹೋದವರನ್ನೂ ಮಾತಾಡಿಸಿ ಅದನ್ನು ಬರೆದಿಡಲು ನಾಲ್ಕು ಜನ ಬೇಕೇ ಬೇಕು, ಅವರಿಗೆ ಸಂಬಳವನ್ನೂ ಕೊಡಬೇಕು. ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅವರ ಮೊದಲ ವರದಿ ವಿಚಾರ ಸಂಕಿರಣಕ್ಕಲ್ಲ, ಶಾಖೆಗೆ ಬರಲಿ.