ಅಲಿಯ ಹೆಸರು ಮತ್ತು ಲೂಯಿವಿಲ್ ನಗರ

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರವು 2019ರಲ್ಲಿ ತನ್ನ ವಿಮಾನ ನಿಲ್ದಾಣಕ್ಕೆ ಮುಹಮ್ಮದ್ ಅಲಿಯವರ ಹೆಸರನ್ನಿಟ್ಟಿತು. ಅಲ್ಲಿನ ವಾಲ್ನಟ್ ಬೀದಿಗೆ 1978ರಲ್ಲೇ ಅವರ ಹೆಸರು ಬಂದಿತ್ತು. 2005ರಲ್ಲಿ ಅವರ ಹೆಸರಿನ ಕೇಂದ್ರವೂ ತೆರೆಯಿತು. ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆನೆಂದು 1967ರಲ್ಲಿ ಸೇನೆ ಸೇರಲು ನಿರಾಕರಿಸಿ ದೇಶದ್ರೋಹಿ ಎನಿಸಿಕೊಂಡ ಕಪ್ಪು ಮುಸ್ಲಿಮನೊಬ್ಬನ ಹೆಸರು ನಗರದ ಹೆಬ್ಬಾಗಿಲಿನ ಮೇಲಿರುವುದು ಸಣ್ಣ ಸಂಗತಿಯಲ್ಲ. ಇದು ನಿಸ್ಸಂದೇಹವಾಗಿ ಶ್ಲಾಘನೀಯ.

ಆದರೆ ಒಬ್ಬ ವೀರನನ್ನು ಗೌರವಿಸುವುದು ಸುಲಭ, ಅವನ ಜನರನ್ನು ಗೌರವಿಸುವುದು ಕಷ್ಟ. 1960ರಲ್ಲಿ ರೋಮ್ ಒಲಿಂಪಿಕ್ಸ್‌ನ ಚಿನ್ನದ ಪದಕದೊಂದಿಗೆ ಊರಿಗೆ ಮರಳಿದ ಆ ಹದಿನೆಂಟರ ತರುಣನಿಗೆ ನಗರಮಧ್ಯದ ಬಿಳಿಯರ ಹೊಟೇಲುಗಳಲ್ಲಿ ಕುಳಿತು ಉಣ್ಣುವ ಹಕ್ಕಿರಲಿಲ್ಲ. ಆ ಬಾಗಿಲುಗಳನ್ನು ತೆರೆಸಿದ್ದು ಪದಕವಲ್ಲ. 1961ರಲ್ಲಿ ಕಪ್ಪು ವಿದ್ಯಾರ್ಥಿಗಳು ಧರಣಿ ಕುಳಿತರು, ನೂರಾರು ಮಂದಿ ಬಂಧಿತರಾದರು. ಆ ವರ್ಷದ ಈಸ್ಟರ್‌ಗೆ ಹೊಸದೇನನ್ನೂ ಕೊಳ್ಳಬಾರದೆಂದು ಸಮುದಾಯವು ಕರೆ ಕೊಟ್ಟಿತು. ಹಬ್ಬದ ದಿನ ಮಕ್ಕಳಿಗೆ ಹಳೆಯ ಉಡುಪು ತೊಡಿಸುವುದೆಂದರೇನೆಂಬುದನ್ನು ರಮಝಾನಿನ ಕೊನೆಯ ದಿನಗಳಲ್ಲಿ ಪೇಟೆಗೆ ಹೋದ ಯಾವ ತಾಯಿಯೂ ಬಲ್ಲಳು! ವರ್ತಕರು ನಷ್ಟ ಅನುಭವಿಸಿದರು. 1963ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಗರಾಡಳಿತವು ಕಾನೂನಿನ ಮೂಲಕ ನಿಷೇಧಿಸಿತು.

ವಾಲ್ನಟ್ ಬೀದಿಯ ಕಥೆ ಇನ್ನೂ ಕಟುವಾದುದು. ಅದು ಕಪ್ಪು ವರ್ತಕರ, ವೈದ್ಯರ, ವಕೀಲರ, ಸಂಗೀತಗಾರರ ಬೀದಿಯಾಗಿತ್ತು. ನಗರ ನವೀಕರಣದ ಹೆಸರಿನಲ್ಲಿ ಅದರ ಬಹುಭಾಗವನ್ನು ಕೆಡವಲಾಯಿತು. ಅಂಗಡಿಗಳು ಹೋದ ಮೇಲೆ ಅಲಿಯ ಹೆಸರಿನ ಫಲಕ ಬಂದಿತು.

ವಿಮಾನ ನಿಲ್ದಾಣಕ್ಕೆ ಹೆಸರಿಟ್ಟ ಮರುವರ್ಷವೇ, 2020ರ ಮಾರ್ಚ್ 13ರ ನಡುರಾತ್ರಿ, ಇದೇ ನಗರದ ಪೊಲೀಸರು ಬ್ರಿಯೋನಾ ಟೇಲರ್ ಎಂಬ 26ರ ಕಪ್ಪು ಯುವತಿಯನ್ನು ಆಕೆಯ ಮನೆಯೊಳಗೇ ಗುಂಡಿಟ್ಟು ಕೊಂದರು. ಆಕೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿಯುತ್ತಿದ್ದಳು. ಪದಕ ಗೆದ್ದಿರಲಿಲ್ಲ, ಅಷ್ಟೆ. ಒಂದು ಸಮುದಾಯವು ತನ್ನ ಕೊಡುಗೆಗಳ ಪಟ್ಟಿಯನ್ನು ಒಪ್ಪಿಸಿದ ಮೇಲೆಯೇ ಅದರ ಜೀವಕ್ಕೆ ಬೆಲೆ ಬರುವುದಾದರೆ, ಪಟ್ಟಿಯಲ್ಲಿ ಹೆಸರಿಲ್ಲದವರ ಗತಿಯೇನು?

ನಗರವು ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಬಾಗಿಲು ತಟ್ಟದೆ ನುಗ್ಗುವ ವಾರಂಟುಗಳನ್ನು ಆ ವರ್ಷವೇ ನಿಷೇಧಿಸಲಾಯಿತು, ಕುಟುಂಬಕ್ಕೆ 1.2 ಕೋಟಿ ಡಾಲರ್ ಪರಿಹಾರ ಸಂದಿತು. ನಗರದ ಪೊಲೀಸರು ಕಪ್ಪು ಜನರ ವಿರುದ್ಧ ತಾರತಮ್ಯ ಎಸಗುತ್ತಿದ್ದಾರೆಂದು 2023ರಲ್ಲಿ ಕೇಂದ್ರ ನ್ಯಾಯ ಇಲಾಖೆಯೇ ವರದಿ ನೀಡಿತು. ಸುಧಾರಣೆಗೆ ನ್ಯಾಯಾಲಯದ ಮೇಲ್ವಿಚಾರಣೆ ಬೇಕೆಂದು ಹೂಡಿದ್ದ ಮೊಕದ್ದಮೆಯನ್ನು ಅದೇ ಇಲಾಖೆ 2025ರ ಮೇ ತಿಂಗಳಲ್ಲಿ ಕೈಬಿಟ್ಟಿತು.